ಮಳೆಯ ಜೊತೆ ಕಾಂದಿವಲಿಗೆ ಬರುವ ನವರಂಗ



ರೇಡಿಯೋ ಕೇಳುವವರಿಗೆ ಹಕ್ಕಿಗಳ ಪರಿಚಯ ಮಾಡಿಕೊಡುವುದು ಸುಲಭ. ಮುಖ ನೋಡದೆ ಬರೀ ದನಿಯಿಂದಲೇ ಇವರು ಇಂಥವರು ಎಂದು ಗುರುತು ಹಿಡಿಯುವ ಅಭ್ಯಾಸ ನಿಮಗೆ ಮೊದಲೇ ಇದೆ. ಈ ಸಂಚಿಕೆಯಲ್ಲಿ ನಾವು ಪರಿಚಯಿಸುತ್ತಿರುವ ಅತಿಥಿಯೂ ಅಂಥವನೇ. ದನಿ ಕೇಳಿಸುತ್ತದೆ, ಆಸಾಮಿ ಕಾಣಿಸುವುದಿಲ್ಲ. ಕಂಡರೆ ಮಾತ್ರ ಜನ್ಮದಲ್ಲಿ ಮರೆಯುವುದಿಲ್ಲ. ಹೆಸರು ನವರಂಗ. ಕನ್ನಡದಲ್ಲೂ ನವರಂಗ, ಮರಾಠಿಯಲ್ಲೂ ನವರಂಗ, ಹಿಂದಿಯಲ್ಲೂ ನವರಂಗವೇ. ಮುಂಬಯಿಯಲ್ಲಿ ಇಷ್ಟು ಸುಲಭವಾಗಿ ಮೂರು ಭಾಷೆಗೂ ಹೊಂದಿಕೊಂಡ ಹೆಸರು ಇನ್ನೊಂದು ಸಿಗುವುದು ಕಷ್ಟ.

ಈ ಹಕ್ಕಿಗೂ ನಮಗೂ ಒಂದು ಹೋಲಿಕೆ ಇದೆ. ಮಕ್ಕಳ ರಜೆ ಸಿಕ್ಕೊಡನೆ ಊರಿಗೆ ಹೋಗಿ, ಹಲಸು ಮಾವು ತಿಂದು, ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಮತ್ತೆ ಮುಂಬಯಿಗೆ ಬಂದಿಳಿಯುವುದು ನಮ್ಮಲ್ಲಿ ಎಷ್ಟೋ ಮನೆಗಳ ಪದ್ಧತಿ. ನವರಂಗವೂ ಹಾಗೆಯೇ. ಚಳಿಗಾಲವನ್ನು ದಕ್ಷಿಣದ ಕಾಡು ತೋಟಗಳಲ್ಲಿ ಕಳೆದು, ಮೇ ತಿಂಗಳ ಕೊನೆಗೆ ಅಥವಾ ಜೂನ್ ಮೊದಲ ವಾರಕ್ಕೆ ಮುಂಬಯಿಯ ಕಡೆ ಬರುತ್ತದೆ. ವ್ಯತ್ಯಾಸ ಇಷ್ಟೇ: ನಮಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ರಿಸರ್ವೇಶನ್ ಬೇಕು, ಅದಕ್ಕೆ ರೆಕ್ಕೆ ಇದೆ.

ನೋಡಲು ಹೇಗಿದೆ?

ಗಾತ್ರದಲ್ಲಿ ನವರಂಗ ಪಿಕಳಾರಕ್ಕಿಂತ ತುಸು ಚಿಕ್ಕದು. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 19 ಸೆಂಟಿಮೀಟರ್. ಬಾಲ ಎಂದು ಹೇಳುವಂಥದ್ದು ಹೆಚ್ಚೇನೂ ಇಲ್ಲ. ಯಾರೋ ಕತ್ತರಿಯಿಂದ ಕತ್ತರಿಸಿಬಿಟ್ಟ ಹಾಗೆ ಮೊಟಕು. ಆದರೆ ಕಾಲು ಉದ್ದ, ಕೊಕ್ಕು ದಪ್ಪ, ಮೈ ದುಂಡು. ತೂಕ 50-60 ಗ್ರಾಂ ಆಸುಪಾಸು, ಅಂದರೆ ನೂರು ಗ್ರಾಂ ಚಹಾಪುಡಿಯ ಪೊಟ್ಟಣದ ಅರ್ಧದಷ್ಟು.

ಇಷ್ಟು ಪುಟ್ಟ ಮೈ ಮೇಲೆ ಬಣ್ಣಗಳ ಜಾತ್ರೆಯೇ ನಡೆದಿದೆ. ಬೆನ್ನು ಹಸಿರು. ಭುಜದ ಮೇಲೆ ಮತ್ತು ಬಾಲದ ಬುಡದಲ್ಲಿ ಹೊಳೆಯುವ ನೀಲಿ. ಎದೆ ತಿಳಿ ಕಂದು ಹಳದಿ, ಗಂಟಲು ಬಿಳಿ. ಹೊಟ್ಟೆಯ ಕೆಳಭಾಗ ಕುಂಕುಮ ಚೆಲ್ಲಿದಂಥ ಕೆಂಪು. ನೆತ್ತಿಯ ನಡುವೆ ಕಪ್ಪು ಪಟ್ಟೆ, ಕಣ್ಣಿನ ಮೇಲೆ ಹಾದು ಕತ್ತಿನವರೆಗೆ ಹೋಗುವ ಇನ್ನೊಂದು ದಪ್ಪ ಕಪ್ಪು ಪಟ್ಟೆ, ಅದರ ಮೇಲಂಚಿಗೆ ಎಳೆದ ಬಿಳಿ ಹುಬ್ಬು. ನಮ್ಮ ಕಡೆಯ ಬಣ್ಣದ ವೇಷ ನೋಡಿದವರಿಗೆ ಈ ಮುಖ ಹೊಸದೆನಿಸದು. ಹಾರುವಾಗ ಮಾತ್ರ ಕಪ್ಪು ರೆಕ್ಕೆಯ ಮೇಲೆ ಒಂದು ಬಿಳಿ ಮಚ್ಚೆ ಮಿಂಚಿ ಮರೆಯಾಗುತ್ತದೆ.

ಗಂಡು ಹೆಣ್ಣುಗಳಿಗೆ ಬಣ್ಣದಲ್ಲಿ ವ್ಯತ್ಯಾಸವಿಲ್ಲ. ನವಿಲಿನಲ್ಲಿ ಗಂಡಿಗೊಂದು ಹೆಣ್ಣಿಗೊಂದು ವೇಷವಿದ್ದ ಹಾಗೆ ಇಲ್ಲಿಲ್ಲ. ಮರಿಗಳು ಮಾತ್ರ ಮೊದಮೊದಲು ಮಂಕಾಗಿರುತ್ತವೆ.

ಇಷ್ಟೊಂದು ಬಣ್ಣ ಹೊತ್ತ ಹಕ್ಕಿ ಕಾಡಿನಲ್ಲಿ ಸುಲಭವಾಗಿ ಕಾಣಬೇಕಲ್ಲ ಎಂದು ನೀವು ಕೇಳಬಹುದು. ಕಾಣುವುದಿಲ್ಲ. ಕಾರಣ, ಕೆಂಪಿರುವುದು ಹೊಟ್ಟೆಯಡಿಯಲ್ಲಿ, ನೆಲದ ಕಡೆಗೆ. ನಮಗೆ ಕಾಣುವ ಬೆನ್ನು ಎಲೆಯ ಹಸಿರು, ಎದೆ ಒಣಗಿದ ಎಲೆಯ ಬಣ್ಣ. ಮರದ ನೆರಳಿನಲ್ಲಿ ಅಲುಗಾಡದೆ ನಿಂತರೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಗೊತ್ತಾಗುವುದಿಲ್ಲ.

ಆರು ಗಂಟೆಯ ಹಕ್ಕಿ

ಆದ್ದರಿಂದ ಕಿವಿಯನ್ನೇ ನಂಬಬೇಕು. ನವರಂಗದ ಕೂಗು ಎರಡೇ ಸ್ವರ. ಮೊದಲನೆಯದು ಮೇಲೇರುವ ಸಿಳ್ಳೆ, ಎರಡನೆಯದು ಕೆಳಗಿಳಿಯುವ ಸಿಳ್ಳೆ. 'ವೀಟ್-ಟ್ಯೂ' ಎಂದು ಬರೆದರೆ ಸುಮಾರಾಗಿ ಸರಿ ಹೋಗುತ್ತದೆ. ಸ್ವಚ್ಛ, ಗಟ್ಟಿ, ದೂರಕ್ಕೆ ಕೇಳುವ ದನಿ. ಬೆಳಗಿನ ಜಾವ ಮತ್ತು ಸಂಜೆಗತ್ತಲ ಹೊತ್ತಿನಲ್ಲಿ ಹೆಚ್ಚು. ಮೋಡ ಮುಚ್ಚಿದ ದಿನವಾದರೆ ಮಧ್ಯಾಹ್ನವೂ ಕೂಗುವುದುಂಟು. ಕೂಗುವಾಗ ತಲೆಯನ್ನು ಹಿಂದಕ್ಕೆ ಎಸೆದು ಕೊಕ್ಕನ್ನು ಆಕಾಶಕ್ಕೆ ಎತ್ತುತ್ತದೆ. ಒಂದು ಕೂಗಿದರೆ ಇನ್ನೊಂದು ಕಡೆಯಿಂದ ಮತ್ತೊಂದು ಉತ್ತರ ಕೊಡುತ್ತದೆ.

ಹೊತ್ತು ತಪ್ಪದ ಈ ಅಭ್ಯಾಸಕ್ಕಾಗಿ ತಮಿಳರು ಇದಕ್ಕೆ 'ಆರುಮಣಿ ಕುರುವಿ' ಎಂದು ಹೆಸರಿಟ್ಟಿದ್ದಾರೆ. ಅಂದರೆ ಆರು ಗಂಟೆಯ ಹಕ್ಕಿ. ಶ್ರೀಲಂಕಾದ ಸಿಂಹಳ ಭಾಷೆಯಲ್ಲಿ ಇದು 'ಅವಿಚ್ಚಿಯಾ', ಕೂಗನ್ನೇ ಹೆಸರು ಮಾಡಿದ್ದು. ನವಿಲು ತನ್ನ ಚಂದದ ಉಡುಪನ್ನು ಕೊಂಡೊಯ್ದಿತೆಂದು ಇದು ಅಳುತ್ತಿದೆ ಎಂಬ ಜನಪದ ಕಥೆಯೂ ಅಲ್ಲಿದೆ. ಇಷ್ಟು ಬಣ್ಣ ಉಳಿದ ಮೇಲೂ ದೂರು ಹೇಳುವುದೆಂದರೆ, ಕಳೆದುಹೋದ ಉಡುಪು ಹೇಗಿದ್ದಿರಬಹುದು!

ಇನ್ನು ಪುಸ್ತಕಗಳಲ್ಲಿ ಕಾಣುವ 'ಪಿಟ್ಟಾ' ಎಂಬ ಹೆಸರು ಲ್ಯಾಟಿನ್ನಿನದೆಂದು ಬಹಳ ಜನ ತಿಳಿಯುತ್ತಾರೆ. ಅದು ನಮ್ಮ ನೆರೆಯ ತೆಲುಗಿನದು. ತೆಲುಗಿನಲ್ಲಿ ಪಿಟ್ಟ ಎಂದರೆ ಹಕ್ಕಿ, ಅದರಲ್ಲೂ ಚಿಕ್ಕ ಹಕ್ಕಿ. ಆ ಮಾತು ಇಂದು ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹರಡಿರುವ ಒಂದು ಇಡೀ ಹಕ್ಕಿ ಕುಟುಂಬದ ಹೆಸರಾಗಿದೆ. ವಿಜ್ಞಾನಿಗಳು ನಮ್ಮ ನವರಂಗವನ್ನು ಪಿಟ್ಟಾ ಬ್ರಾಕಿಯೂರ ಎನ್ನುತ್ತಾರೆ. ಬ್ರಾಕಿಯೂರ ಎಂದರೆ ಮೋಟುಬಾಲ. 1766ರಲ್ಲಿ ಇದಕ್ಕೆ ಮೊದಲು ಶಾಸ್ತ್ರೀಯ ಹೆಸರು ಕೊಟ್ಟ ಸ್ವೀಡನ್ನಿನ ಲಿನೇಯಸ್ ಇದನ್ನು ಕಾಗೆಗಳ ಗುಂಪಿಗೆ ಸೇರಿಸಿಬಿಟ್ಟಿದ್ದ. ಪಾಪ, ಕಾಗೆಗಳಿಂದ ಈ ಹಕ್ಕಿ ಪಡುವ ಪಾಡು ಅವನಿಗೆ ಗೊತ್ತಿರಲಿಲ್ಲ. ಆ ವಿಷಯಕ್ಕೆ ಮುಂದೆ ಬರೋಣ.

ಇಲ್ಲೊಂದು ಸೂಕ್ಷ್ಮವಿದೆ. ಕೊಂಬೆ ಹಿಡಿದು ಕೂರುವ ಹಕ್ಕಿಗಳ ದೊಡ್ಡ ಬಳಗಕ್ಕೆ ನವರಂಗ ಸೇರಿದ್ದರೂ, ಶಾಸ್ತ್ರದ ಪ್ರಕಾರ ಅದು ಪೂರ್ತಿ ಗಾಯಕ ಹಕ್ಕಿಯಲ್ಲ. ಹಕ್ಕಿಗಳ ದನಿಪೆಟ್ಟಿಗೆ ಇರುವುದು ಗಂಟಲಿನಲ್ಲಲ್ಲ, ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ, ಎದೆಯೊಳಗೆ. ನಮ್ಮ ಸೊಸೈಟಿಗಳ ಮರದಲ್ಲಿ ಬೆಳಗ್ಗೆ ಹಾಡುವ ಮಡಿವಾಳ ಹಕ್ಕಿಗೆ ಆ ದನಿಪೆಟ್ಟಿಗೆಯನ್ನು ಆಡಿಸುವ ಸ್ನಾಯುಗಳು ಬಹಳ. ಅದು ಚಿಕ್ಕಂದಿನಲ್ಲಿ ಹಿರಿಯರ ಹಾಡು ಕೇಳಿ ಕಲಿಯುತ್ತದೆ, ತನ್ನದೇ ಆಲಾಪ ಸೇರಿಸುತ್ತದೆ. ನವರಂಗದ ಬಳಗದ ದನಿಪೆಟ್ಟಿಗೆ ಸರಳ. ಕೂಗು ಹುಟ್ಟಿನಿಂದಲೇ ಬಂದದ್ದು, ಗುರುಗಳ ಬಳಿ ಕಲಿತದ್ದಲ್ಲ. ಹಾಗಾಗಿಯೇ ಎರಡೇ ಸ್ವರ, ಎಲ್ಲೆಡೆಯೂ ಹೆಚ್ಚುಕಡಿಮೆ ಅದೇ. ಒಮ್ಮೆ ನಿಮ್ಮ ಕಿವಿಗೆ ಅದು ಪರಿಚಯವಾದರೆ ಸಾಕು, ರೇಡಿಯೋ ಕಾರ್ಯಕ್ರಮದ ಆರಂಭದ ಸಂಗೀತದಂತೆ ಮತ್ತೆ ಮರೆಯುವುದಿಲ್ಲ.

ಯಾವ ಊರು, ಎಲ್ಲಿ ಬಿಡಾರ?

ನವರಂಗ ಭಾರತ ಉಪಖಂಡದ ಒಳಗೇ ವಲಸೆ ಹೋಗುವ ಹಕ್ಕಿ. ಸೈಬೀರಿಯಕ್ಕೂ ಆಫ್ರಿಕಕ್ಕೂ ಅದಕ್ಕೆ ಸಂಬಂಧವಿಲ್ಲ. ಸಂಸಾರ ಹೂಡುವುದು ಪಾಕಿಸ್ತಾನದ ಉತ್ತರದ ಮರ್ಗಲ್ಲಾ ಬೆಟ್ಟಗಳಿಂದ ನೇಪಾಳದವರೆಗೆ ಹಬ್ಬಿದ ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮತ್ತು ಪಶ್ಚಿಮ ಘಟ್ಟದ ಉತ್ತರ ಭಾಗದಲ್ಲಿ. ಮುಂಬಯಿ, ಠಾಣೆ, ರಾಯಗಡದ ಕಾಡುಗಳು ಈ ಕೊನೆಯ ಪಟ್ಟಿಯೊಳಗೆ ಬರುತ್ತವೆ.

ಚಳಿಗಾಲ ಕಳೆಯುವುದು ದಕ್ಷಿಣ ಭಾರತದಲ್ಲಿ ಮತ್ತು ಶ್ರೀಲಂಕಾದಲ್ಲಿ. ಕರಾವಳಿ ಮತ್ತು ಮಲೆನಾಡಿನವರಿಗೆ ಇದು ಹಾಡಿಯಲ್ಲಿ, ತೋಟದಂಚಿನಲ್ಲಿ, ಒಮ್ಮೊಮ್ಮೆ ಮನೆಯ ಹಿತ್ತಿಲಲ್ಲಿಯೇ ಕಾಣಸಿಗುತ್ತದೆ. ಅಲ್ಲಿ ಚಳಿಗಾಲದಲ್ಲಿ ಹೆಚ್ಚಾಗಿ ಎಲೆ ಕೆದಕುತ್ತ ಇರುತ್ತದೆ. ಮಳೆಗಾಲದಲ್ಲಿ ಮುಂಬಯಿಯ ಕಡೆ ಬಂದಾಗ ಹಗಲಿಡೀ ಕೂಗಿ ಸಂಸಾರದ ಸುದ್ದಿ ಸಾರುತ್ತದೆ. ಹೀಗಾಗಿ ನವರಂಗದ ಬಣ್ಣ ಊರಿನಲ್ಲಿ ನೋಡಿ, ದನಿ ಕಾಂದಿವಲಿಯಲ್ಲಿ ಕೇಳುವ ಭಾಗ್ಯ ನಮ್ಮಂಥವರದು.

ಮಳೆಗೆ ಕಾದು ಕೂರುವ ಹಕ್ಕಿ ಎಂದರೆ ನಮಗೆ ನೆನಪಾಗುವುದು ಚಾತಕ. ಹಳೆಯ ಕವಿಗಳೆಲ್ಲ ಅದನ್ನು ಹೊಗಳಿದ್ದಾರೆ. ನವರಂಗವೂ ಮಳೆಯ ಲೆಕ್ಕದಲ್ಲೇ ಬದುಕುವ ಹಕ್ಕಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ನವರಂಗ ಅದಕ್ಕೆ ಸ್ವಲ್ಪ ಮುಂಚೆ ಬಂದು ಜಾಗ ಹಿಡಿಯುತ್ತದೆ.

ಇಷ್ಟು ದೂರ ಬರುವ ಕಷ್ಟ ಯಾಕೆ? ಉತ್ತರ ಹೊಟ್ಟೆಯಲ್ಲಿದೆ. ನವರಂಗ ತಿನ್ನುವುದು ಎರೆಹುಳು, ಗೆದ್ದಲು, ಇರುವೆ, ಜೀರುಂಡೆ, ಹುಳಹುಪ್ಪಟೆ. ಇವೆಲ್ಲ ಹಸಿ ನೆಲದ ಸರಕು. ಬೇಸಗೆಯಲ್ಲಿ ನಮ್ಮ ಕಡೆಯ ಎಲೆಯುದುರುವ ಕಾಡಿನ ನೆಲ ಇಟ್ಟಿಗೆಯಂತೆ ಗಟ್ಟಿ. ಎರೆಹುಳು ಆಳಕ್ಕೆ ಇಳಿದಿರುತ್ತದೆ. ಮೊದಲ ಮಳೆ ಬಿದ್ದದ್ದೇ ತಡ, ಅದೇ ನೆಲದಲ್ಲಿ ಹುಳಗಳ ಸಂತೆ. ನಾಲ್ಕೈದು ಮರಿಗಳ ಬಾಯಿ ತುಂಬಿಸಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮಳೆ ನಿಂತು ನೆಲ ಮತ್ತೆ ಒಣಗತೊಡಗಿದಾಗ, ಹಸಿ ನೆಲ ಉಳಿದಿರುವ ದಕ್ಷಿಣಕ್ಕೆ ಹೊರಡುವುದೇ ಜಾಣತನ.

ಕಾಂದಿವಲಿಯ ಬೆನ್ನಿಗಿರುವ ಕಾಡು

ಕಾಂದಿವಲಿ ಪೂರ್ವದಲ್ಲಿ ಹೈವೇ ದಾಟಿ ಠಾಕೂರ್ ವಿಲೇಜ್ ಅಥವಾ ಲೋಖಂಡ್‌ವಾಲಾ ಟೌನ್‌ಶಿಪ್ ಕಡೆ ಹೋದರೆ, ಎತ್ತರದ ಕಟ್ಟಡಗಳ ಸಾಲು ಮುಗಿಯುವ ಕಡೆ ಹಸಿರು ಗುಡ್ಡಗಳು ಶುರುವಾಗುತ್ತವೆ. ಅದೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಬಾಗಿಲು ಬೊರಿವಲಿಯಲ್ಲಿದೆ ಎಂದು ನಾವು ಅದನ್ನು ಬೊರಿವಲಿಯ ಪಾರ್ಕ್ ಎನ್ನುತ್ತೇವೆ. ಆದರೆ ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ವಿಸ್ತಾರದ ಆ ಕಾಡು ಕಾಂದಿವಲಿಯ ಬೆನ್ನಿಗೇ ಅಂಟಿಕೊಂಡಿದೆ. ಮಳೆಗಾಲದಲ್ಲಿ ತುಂಬಿ ಹರಿದು ನಮ್ಮನ್ನು ಹೆದರಿಸುವ ಪೊಯಿಸರ್ ನದಿ ಹುಟ್ಟುವುದೂ ಅಲ್ಲಿಯೇ. 1860ರ ವಿಹಾರ್ ಕೆರೆ, 1879ರ ತುಳಸಿ ಕೆರೆ ಎರಡೂ ಆ ಕಾಡಿನ ಮಡಿಲಲ್ಲಿವೆ. ಚಿರತೆಗಳ ಸುದ್ದಿ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೀರಿ. 250ಕ್ಕೂ ಹೆಚ್ಚು ಬಗೆಯ ಹಕ್ಕಿಗಳ ಸುದ್ದಿ ಅಷ್ಟಾಗಿ ಬರುವುದಿಲ್ಲ.

ಅದೇ ಕಾಡಿನ ನಡುವೆ ಕನ್ಹೇರಿ ಗುಹೆಗಳಿವೆ. ಮಳೆಗಾಲದಲ್ಲಿ ಊರೂರು ಸುತ್ತದೆ ಒಂದೆಡೆ ನಿಲ್ಲಬೇಕೆಂಬುದು ಬೌದ್ಧ ಭಿಕ್ಷುಗಳ ನಿಯಮ. ಅಂಥ ವರ್ಷಾವಾಸಕ್ಕೆ ಈ ಗುಹೆಗಳು ನೆಲೆಯಾಗಿದ್ದವು. ಅಲ್ಲಿನ 9ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ. ನಮ್ಮ 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲೇ. ಭಿಕ್ಷುಗಳು ಹೋಗಿ ಎಷ್ಟೋ ಶತಮಾನಗಳಾದವು. ಮಳೆಗಾಲದ ವಾಸಕ್ಕೆ ಬರುವ ನವರಂಗ ಮಾತ್ರ ಆ ನಿಯಮವನ್ನು ಇಂದಿಗೂ ಮುರಿದಿಲ್ಲ.

ತರಗೆಲೆಯೇ ಅಡುಗೆಮನೆ

ನವರಂಗದ ದಿನಚರಿಯೆಲ್ಲ ನೆಲದ ಮೇಲೆ. ಪೊದೆಗಳಡಿಯ ನೆರಳಿನಲ್ಲಿ ಕುಪ್ಪಳಿಸಿಕೊಂಡು ಹೋಗುತ್ತದೆ. ಕೊಕ್ಕಿನಿಂದ ಒಣ ಎಲೆಯನ್ನು ಪಕ್ಕಕ್ಕೆ ಎಸೆಯುತ್ತದೆ, ನೋಡುತ್ತದೆ, ಹುಳ ಸಿಕ್ಕರೆ ಗುಳುಂ. ಮೋಟು ಬಾಲವನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುವುದು ಇದರ ಹವ್ಯಾಸ. ಬೆದರಿದರೆ ಹಾರಿ ತಗ್ಗಿನ ಕೊಂಬೆಯ ಮೇಲೆ ಕೂತು, ಅಪಾಯ ಹೋಯಿತೆಂದು ಖಾತ್ರಿಯಾದ ಮೇಲೆ ಮತ್ತೆ ಇಳಿಯುತ್ತದೆ. ರಾತ್ರಿ ಮಲಗುವುದು ಮರದ ಮೇಲೆ.

ಗೂಡು ಕಟ್ಟುವುದು ಮಳೆ ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್‌ವರೆಗೆ. ಒಣ ಎಲೆ, ಹುಲ್ಲು, ಬೇರುಕಡ್ಡಿಗಳನ್ನು ಒಟ್ಟು ಮಾಡಿ ಚೆಂಡಿನಂಥ ದೊಡ್ಡ ಗೂಡು, ಬದಿಯಲ್ಲಿ ಒಂದು ದುಂಡು ಬಾಗಿಲು. ನೆಲದ ಮೇಲೆಯೇ ಇರಬಹುದು, ತಗ್ಗಿನ ಕವಲಿನಲ್ಲಿಯೂ ಇರಬಹುದು. ನೋಡಿದವರಿಗೆ ಮಳೆನೀರು ತಂದು ಗುಡ್ಡೆ ಹಾಕಿದ ಕಸದಂತೆ ಕಾಣುತ್ತದೆ. ಅದೇ ಅದರ ರಕ್ಷಣೆ. ಒಳಗೆ ನಾಲ್ಕೈದು ಮೊಟ್ಟೆ. ಹೊಳಪುಳ್ಳ ಬಿಳಿ, ಅದರ ಮೇಲೆ ನೇರಳೆಗೆಂಪು ಚುಕ್ಕಿ. ಕಾವು ಕೊಡುವುದು, ಮರಿಗಳಿಗೆ ಉಣಿಸುವುದು ಗಂಡು ಹೆಣ್ಣು ಇಬ್ಬರ ಪಾಲಿನ ಕೆಲಸ.

ಇದರಿಂದ ಒಂದು ಮಾತು ಗೊತ್ತಾಗುತ್ತದೆ. ನವರಂಗಕ್ಕೆ ಬರೀ ಮರವಿದ್ದರೆ ಸಾಲದು. ಮರದ ಕೆಳಗೆ ಪೊದೆ ಬೇಕು, ಪೊದೆಯ ಕೆಳಗೆ ತರಗೆಲೆ ಬೇಕು. ಗಾರ್ಡನ್ ಎಂದು ನಾವು ಹುಲ್ಲು ಹಾಸಿ, ಎಲೆ ಗುಡಿಸಿ, ಬೆಂಕಿ ಹಚ್ಚಿ, ಅಚ್ಚುಕಟ್ಟು ಮಾಡಿದ ಜಾಗ ಅದರ ಪಾಲಿಗೆ ಬರಿದಾದ ಅಡುಗೆಮನೆ.

ರಾತ್ರಿಯ ದಾರಿ, ಗಾಜಿನ ಗೋಡೆ

ನವರಂಗ ಪ್ರಯಾಣ ಮಾಡುವುದು ರಾತ್ರಿ. ಚಿಕ್ಕ ಹಕ್ಕಿಗಳಲ್ಲಿ ಬಹುಪಾಲು ಹಾಗೆಯೇ. ರಾತ್ರಿಯ ಗಾಳಿ ತಂಪು, ಮೈಯ ನೀರು ಬೇಗ ಆರುವುದಿಲ್ಲ, ಗಿಡುಗದ ಭಯವಿಲ್ಲ, ಹಗಲು ಹೊಟ್ಟೆ ತುಂಬಿಸಿಕೊಳ್ಳಬಹುದು. ದಾರಿ ಹುಡುಕಲು ಇಂಥ ರಾತ್ರಿ ಪಯಣಿಗ ಹಕ್ಕಿಗಳು ನಕ್ಷತ್ರಗಳನ್ನೂ ಭೂಮಿಯ ಕಾಂತಶಕ್ತಿಯನ್ನೂ ಬಳಸುತ್ತವೆ.

ತೊಂದರೆ ಬರುವುದು ನಗರದಲ್ಲಿ. ಮೋಡ ಕವಿದ ರಾತ್ರಿ ನಕ್ಷತ್ರಗಳಿಲ್ಲ. ಕೆಳಗೆ ಮಾತ್ರ ಲಕ್ಷಾಂತರ ದೀಪ. ಹಕ್ಕಿ ದೀಪದ ಕಡೆ ಎಳೆಯಲ್ಪಟ್ಟು, ಕಟ್ಟಡಗಳ ನಡುವೆ ಸಿಕ್ಕಿ ಸುತ್ತುತ್ತದೆ. ಬೆಳಗಾದ ಮೇಲೆ ಇನ್ನೊಂದು ಗಂಡಾಂತರ: ಗಾಜು. ಗಾಜಿನಲ್ಲಿ ಎದುರಿನ ಮರದ ಪ್ರತಿಬಿಂಬ ಮೂಡಿದರೆ, ಹಕ್ಕಿಗೆ ಅದು ನಿಜವಾದ ಮರವೇ. ಅಲ್ಲಿ ಹೋಗಿ ಕೂರೋಣವೆಂದು ವೇಗವಾಗಿ ಹಾರಿ ಡಿಕ್ಕಿ ಹೊಡೆಯುತ್ತದೆ. ಮುಂಗಾರು ಮುಂಚಿನ ಬಿರುಗಾಳಿಯೂ ಸೇರಿದರೆ ಕೇಳುವುದೇ ಬೇಡ. ಅದಕ್ಕಾಗಿಯೇ ಮೇ ಕೊನೆ ಮತ್ತು ಜೂನ್ ಮೊದಲಿಗೆ ಮುಂಬಯಿಯ ಗ್ಯಾಲರಿಗಳಲ್ಲಿ, ಮೆಟ್ಟಿಲ ಬಳಿ, ಪಾರ್ಕಿಂಗ್‌ನಲ್ಲಿ, ಅಂಗಡಿಗಳ ಒಳಗೆ ಸುಸ್ತಾದ ನವರಂಗಗಳು ಸಿಗುತ್ತವೆ. ನೆಲಕ್ಕೆ ಬಿದ್ದ ಹಕ್ಕಿಯನ್ನು ಮೊದಲು ನೋಡುವುದು ಕಾಗೆ, ನಂತರ ಬೆಕ್ಕು. ಮೂರನೆಯವರು ನಾವು. ನಾವು ಬೇಗ ನೋಡಿದರೆ ಅದು ಉಳಿಯುತ್ತದೆ.

ನಿಮ್ಮ ಸೊಸೈಟಿಯಲ್ಲಿ ಸಿಕ್ಕರೆ?

ಗಾಬರಿ ಬೇಡ. ಕೆಲವು ಸರಳ ಸಂಗತಿಗಳು ನೆನಪಿರಲಿ.

ಮೊದಲು ಕಾಗೆಗಳನ್ನು ಓಡಿಸಿ. ಒಂದು ಮೆತ್ತನೆ ಬಟ್ಟೆಯನ್ನು ಹಕ್ಕಿಯ ಮೇಲೆ ಹಾಕಿ, ಹಗುರವಾಗಿ ಎತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಡಿ. ಚಪ್ಪಲಿ ಡಬ್ಬಿ ಆದರೂ ಸಾಕು. ಗಾಳಿಗೆ ನಾಲ್ಕು ತೂತು ಮಾಡಿ, ಒಳಗೆ ಬಟ್ಟೆ ಹಾಸಿ, ಮುಚ್ಚಿ, ಗಲಾಟೆಯಿಲ್ಲದ ಕತ್ತಲೆ ಜಾಗದಲ್ಲಿಡಿ. ಪಂಜರ ಬೇಡ, ಸರಳುಗಳಿಗೆ ತಲೆ ಜಜ್ಜಿಕೊಳ್ಳುತ್ತದೆ.

ಬಾಯಿ ಬಿಡಿಸಿ ನೀರು ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿದು ಹಕ್ಕಿ ಸಾಯಬಹುದು. ಹಾಲು, ಅನ್ನ, ಬ್ರೆಡ್ಡು ಯಾವುದೂ ಬೇಡ. ಇದು ಹುಳ ತಿನ್ನುವ ಹಕ್ಕಿ. ಮಕ್ಕಳು ಮುಟ್ಟಿ ನೋಡಬೇಕೆಂದು ಹಟ ಮಾಡಿದರೆ, ಮುಚ್ಚಳ ತೆರೆಯದೆ ಕಥೆ ಹೇಳಿ. ಪದೇ ಪದೇ ತೆರೆದು ಫೋಟೋ ತೆಗೆಯುವುದು ಹೆದರಿದ ಹಕ್ಕಿಗೆ ಇನ್ನೊಂದು ಪೆಟ್ಟು.

ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ ತಿಳಿಸಿ. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಕಂಡರೆ, ಕಾಲು ಊರದಿದ್ದರೆ ಖಂಡಿತ ವೈದ್ಯರ ಕೈಗೇ ಹೋಗಬೇಕು. ಬರೀ ತಲೆ ತಿರುಗಿ ಬಿದ್ದದ್ದಾದರೆ ಒಂದೆರಡು ಗಂಟೆಯಲ್ಲಿ ಚೇತರಿಸಿಕೊಂಡು ಪೆಟ್ಟಿಗೆಯೊಳಗೆ ಸದ್ದು ಮಾಡತೊಡಗುತ್ತದೆ. ಆಗ ಅವರ ಸಲಹೆ ಪಡೆದು ಮರಗಿಡ ಇರುವ ಕಡೆ, ಕಾಗೆಗಳ ಕಾಟವಿಲ್ಲದ ಹೊತ್ತು ನೋಡಿ, ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಮುಚ್ಚಳ ತೆಗೆದು ದೂರ ಸರಿಯಿರಿ. ಮೇಲಕ್ಕೆ ಎಸೆಯಬೇಡಿ.

ಚಂದವಿದೆ, ಮನೆಯಲ್ಲೇ ಸಾಕೋಣ ಎಂಬ ಆಸೆ ಬಂದರೆ ಅದನ್ನು ಅಲ್ಲಿಗೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ನೂರಾರು ಮೈಲಿ ಹಾರಿ ಬಂದು ಕಾಡಿಗೆ ಇನ್ನೇನು ಒಂದೆರಡು ಕಿಲೋಮೀಟರ್ ಉಳಿದಿರುವಾಗ ದಾರಿಯಲ್ಲಿ ತಡೆದ ಹಾಗಾಗುತ್ತದೆ.

ಸೊಸೈಟಿಯ ಮೀಟಿಂಗ್‌ನಲ್ಲಿ ಹೇಳಬಹುದಾದ ಎರಡು ಮಾತೂ ಇವೆ. ಮೇ ಕೊನೆಯಿಂದ ಜೂನ್ ನಡುವಿನವರೆಗೆ ಟೆರೇಸಿನ ಅಲಂಕಾರದ ದೀಪಗಳನ್ನು ರಾತ್ರಿ ಆರಿಸಿಡುವುದು ಒಂದು. ಮರಕ್ಕೆ ಎದುರಾಗಿರುವ ದೊಡ್ಡ ಗಾಜಿಗೆ ಹೊರಗಡೆಯಿಂದ ಒತ್ತೊತ್ತಾಗಿ ಚುಕ್ಕಿ ಅಥವಾ ಪಟ್ಟೆ ಅಂಟಿಸುವುದು ಇನ್ನೊಂದು. ಒಂದೇ ಒಂದು ಗಿಡುಗನ ಚಿತ್ರ ಅಂಟಿಸಿದರೆ ಪ್ರಯೋಜನ ಇಲ್ಲ. ಹಕ್ಕಿ ಅದರ ಪಕ್ಕದ ಗಾಜಿಗೆ ಹೋಗಿ ಬಡಿಯುತ್ತದೆ. ಎರಡಕ್ಕೂ ಖರ್ಚು ಹೆಚ್ಚಿಲ್ಲ. ದೀಪ ಆರಿಸುವುದರಲ್ಲಿ ಬಿಲ್ಲೂ ಉಳಿಯುತ್ತದೆ.

ಕೇಳಲು ಹೋಗುವವರಿಗೆ

ಜೂನ್, ಜುಲೈ ತಿಂಗಳ ಬೆಳಗ್ಗೆ ರಾಷ್ಟ್ರೀಯ ಉದ್ಯಾನದೊಳಗೆ ನಡೆಯಲು ಹೋದರೆ, ಅಥವಾ ಠಾಣೆಯ ಕಡೆಯಿಂದ ಯೇವೂರ್ ಬೆಟ್ಟಕ್ಕೆ ಹೋದರೆ, ಎರಡು ಸ್ವರದ ಸಿಳ್ಳೆಗೆ ಕಿವಿ ಕೊಡಿ. ಕೇಳಿದ ಮೇಲೆ ಅಲ್ಲಿಯೇ ನಿಂತುಬಿಡಿ. ನಾವು ಅಲುಗಾಡದಿದ್ದರೆ ಅದು ಅಲುಗಾಡುತ್ತದೆ. ಮೊಬೈಲಿನಲ್ಲಿ ಅದರ ಕೂಗನ್ನು ನುಡಿಸಿ ಹತ್ತಿರ ಕರೆಸುವ ಚಟ ಕೆಲವು ಫೋಟೋಗ್ರಾಫರುಗಳಿಗಿದೆ. ದಯವಿಟ್ಟು ಅದು ಬೇಡ. ತನ್ನ ಜಾಗಕ್ಕೆ ಬೇರೊಬ್ಬ ಬಂದನೆಂದು ಹಕ್ಕಿ ಗೂಡು ಮರಿ ಬಿಟ್ಟು ಜಗಳಕ್ಕೆ ಓಡಿ ಬರುತ್ತದೆ. ಮರಿಗಳ ಊಟ ತಪ್ಪುತ್ತದೆ.

ಹಕ್ಕಿಗಳ ಹೆಸರು ಕನ್ನಡದಲ್ಲೇ ಕಲಿಯಬೇಕೆನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಇದೆ. ನಮ್ಮ ಮುಂಬಯಿಯಂತೂ ಸಲೀಂ ಅಲಿಯವರು ಹುಟ್ಟಿದ ಊರು. 1883ರಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜೊತೆ ಜೀವಮಾನವಿಡೀ ದುಡಿದು, 1941ರಲ್ಲಿ ಅವರು ತಂದ ಭಾರತೀಯ ಹಕ್ಕಿಗಳ ಪುಸ್ತಕ ಇಂದಿಗೂ ಅಚ್ಚಾಗುತ್ತಿದೆ. ಈ ನಗರದಲ್ಲಿ ಹಕ್ಕಿ ನೋಡುವುದು ಹೊಸ ಫ್ಯಾಷನ್ ಅಲ್ಲ, ಹಳೆಯ ಸಂಪ್ರದಾಯ.

ಇನ್ನೊಂದು ಚಿಕ್ಕ ಕೆಲಸ. ಅಡುಗೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕದ ಪಕ್ಕದಲ್ಲಿ, ನವರಂಗದ ದನಿ ಮೊದಲು ಕೇಳಿದ ದಿನವನ್ನೂ ಗುರುತು ಹಾಕಿಡಿ. 2007ರಲ್ಲಿ ಬೆಂಗಳೂರಿನಿಂದ ಆರಂಭವಾದ ಮೈಗ್ರಂಟ್‌ವಾಚ್ ಎಂಬ ಯೋಜನೆಯಲ್ಲಿ ಸಾಮಾನ್ಯ ಜನ ಬರೆದಿಟ್ಟ ಇಂಥ ತಾರೀಖುಗಳೇ ವಲಸೆ ಹಕ್ಕಿಗಳ ಬಗೆಗಿನ ತಿಳಿವಳಿಕೆಗೆ ಬಂಡವಾಳವಾದವು. ಈಗ ಇ-ಬರ್ಡ್‌ನಲ್ಲಿ ಯಾರು ಬೇಕಾದರೂ ಬರೆದು ಸೇರಿಸಬಹುದು. ಮಳೆಯ ಹೊತ್ತು ಏರುಪೇರಾಗುತ್ತಿರುವ ಈ ದಿನಗಳಲ್ಲಿ ಹಕ್ಕಿ ಯಾವಾಗ ಬಂತು, ಯಾವಾಗ ಹೋಯಿತು ಎಂಬ ಲೆಕ್ಕಕ್ಕೆ ಬೆಲೆ ಹೆಚ್ಚು.

ಸೆಪ್ಟೆಂಬರ್ ಮುಗಿದು ಮಳೆ ಹಿಂದೆ ಸರಿಯುವಾಗ ಕಾಡಿನ ಆ ಸಿಳ್ಳೆ ನಿಂತಿರುತ್ತದೆ. ನವರಂಗ ದಕ್ಷಿಣಕ್ಕೆ ಹೊರಟಿತೆಂದು ತಿಳಿಯಿರಿ. ದೀಪಾವಳಿಗೋ ತುಳಸಿಪೂಜೆ ಮುಗಿದ ಮೇಲಿನ ಯಾವುದಾದರೂ ಮದುವೆಗೋ ಊರಿಗೆ ಹೋದಾಗ ಹಿತ್ತಿಲ ತರಗೆಲೆಯ ಮೇಲೆ ಒಂದು ಕಣ್ಣಿಡಿ. ಕೆಂಪು ಹೊಟ್ಟೆಯ, ಮೋಟು ಬಾಲದ ಪುಟ್ಟ ಹಕ್ಕಿಯೊಂದು ಎಲೆ ಕೆದಕುತ್ತಿದ್ದರೆ, ಮುಂಬಯಿಯ ಕಡೆ ಮಳೆಗಾಲ ಕಳೆದು ಬಂದ ಮಂದಿಯಲ್ಲಿ ಅದೂ ಒಂದಿರಬಹುದು. ಮನೆಯವರಿಗೆ ಹೇಳಿ, ಹಿತ್ತಿಲನ್ನು ಪೂರ್ತಿ ಗುಡಿಸುವುದು ಬೇಡ.